ತಪ್ಪು ಅಂತ ನಂಬಿದರೆ ಅದು ಅಸಹನೆಯೇ?

ಪ್ರಶ್ನೆ: ನಾನು ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೀಮ್ ಲೀಡ್. ನನ್ನ ಟೀಮಿನ ಹುಡುಗನೊಬ್ಬ ಮದುವೆಯಾಗದೆ ಗೆಳತಿಯ ಜೊತೆ ಇದ್ದಾನೆ. 'ನಮ್ಮ ದೀನ್ (ಇಸ್ಲಾಂ ಧರ್ಮ) ಪ್ರಕಾರ ಇದು ಪಾಪ' ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ. 'ಸರ್, ಯಾವ ಕಾಲದಲ್ಲಿದ್ದೀರಿ?' ಎಂದು ನಕ್ಕರು. ಈಗ ಆ ಹುಡುಗನೇ ಮನೆಗೆ ಊಟಕ್ಕೆ ಕರೆದಿದ್ದಾನೆ. ನಂಬಿಕೆ ಬಿಡದೆ ಇವರ ಜೊತೆ ಇರುವುದು ಹೇಗೆ?

ಉತ್ತರ: ನಂಬಿಕೆ ಯಾಕೆ ಬಿಡಬೇಕು? ನಾವು ಒಪ್ಪಿದ ವಿಷಯವನ್ನು ಸಹಿಸುವ ಮಾತೇ ಬರುವುದಿಲ್ಲ, ಅಲ್ವಾ? ಮನಸ್ಸಿಗೆ ಹಿಡಿಸದ್ದು ಎದುರಿಗಿದ್ದಾಗಲೇ ಸಹನೆ ಬೇಕಾಗುವುದು. ನಕ್ಕವರಿಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ನಂಬಿಕೆಯನ್ನು ಅವರೂ ಸ್ವಲ್ಪ ಸಹಿಸಲಿ.

ಆದರೆ ಕ್ಯಾಂಟೀನಿನಲ್ಲಿ ಆಡಿದ ಮಾತು ನನಗೆ ಸರಿ ಕಾಣಲಿಲ್ಲ. ಪ್ರವಾದಿಯವರ ನಂತರ ಮುಸ್ಲಿಮರನ್ನು ಆಳಿದ ಎರಡನೇ ಖಲೀಫ ಉಮರ್ ಅವರ ಬಗ್ಗೆ ನಮ್ಮಲ್ಲೊಂದು ಕಥೆ ಹೇಳುತ್ತಾರೆ. ರಾತ್ರಿ ಮದೀನಾದಲ್ಲಿ ಗಸ್ತು ತಿರುಗುವಾಗ ಒಂದು ಮನೆಯಿಂದ ಹಾಡು ಕೇಳಿಸಿತು. ಗೋಡೆ ಹತ್ತಿ ಒಳಗಿಳಿದರೆ ಒಬ್ಬ ಗಂಡಸು, ಒಬ್ಬ ಹೆಂಗಸು, ಮದ್ಯ. ಉಮರ್ ಗದರಿದರು. ಆತ ಬಗ್ಗಲಿಲ್ಲ. 'ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು. ಗೂಢಚಾರಿಕೆ ಬೇಡ ಎಂದಿದೆ ಕುರ್‌ಆನ್, ನೀವು ಮಾಡಿದಿರಿ. ಬಾಗಿಲಿನಿಂದ ಬನ್ನಿ ಎಂದಿದೆ, ಗೋಡೆ ಹಾರಿದಿರಿ. ಸಲಾಂ ಹೇಳಿ ಬನ್ನಿ ಎಂದಿದೆ, ಅದೂ ಇಲ್ಲ.' ಉಮರ್ ಆತನನ್ನು ಬಿಟ್ಟು ಹೊರಟರು. ಆತ ಮಾಡಿದ್ದು ಪಾಪವಲ್ಲ ಎಂದು ಅವರೇನೂ ಹೇಳಲಿಲ್ಲ, ನೋಡಿ.

ವ್ಯಭಿಚಾರದ ಆರೋಪಕ್ಕೆ ಕುರ್‌ಆನ್ ನಾಲ್ಕು ಜನ ಸಾಕ್ಷಿ ಕೇಳುತ್ತದೆ. ಸಾಕ್ಷಿ ಇಲ್ಲದೆ ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸಿದವರಿಗೇ 80 ಛಡಿಯೇಟು. ಊಟದ ಹೊತ್ತಿನ ಹರಟೆಯಲ್ಲಿ ಇಂಥ ಮಾತು ಬೇಡ ಎನ್ನಲು ಇಷ್ಟು ಸಾಕು.

ಕಾನೂನಿನ ವಿಷಯ ಚಿಕ್ಕದು. ವಯಸ್ಕರಿಬ್ಬರು ಹೀಗೆ ಒಟ್ಟಿಗಿರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ನನಗೆ ಜಾಸ್ತಿ ಚಿಂತೆ ಆ ಹುಡುಗನ ಅಪ್ರೈಸಲ್‌ನದು. ನೀವು ಅವನ ಲೀಡ್. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯ ತಪ್ಪಿಸದಿರಲಿ ಎನ್ನುತ್ತದೆ ಕುರ್‌ಆನ್‌ನ ಸೂರಾ (ಅಧ್ಯಾಯ) ಮಾಇದಾದ 8ನೇ ಆಯತ್ (ವಚನ). ನಿಮ್ಮಲ್ಲಿರುವುದು ದ್ವೇಷವಲ್ಲ, ಬರೀ ಅಸಮ್ಮತಿ. ಹಾಗಾದರೆ ರೇಟಿಂಗ್‌ನಲ್ಲಿ ಅರ್ಧ ಅಂಕವೂ ಆ ಕಾರಣಕ್ಕೆ ಕಡಿಮೆಯಾಗಬಾರದು.

ಊಟಕ್ಕೆ? ಹೋಗಬೇಡಿ ಅನ್ನುವ ಉಲಮಾಗಳೂ (ಧರ್ಮ ಪಂಡಿತರೂ) ಇದ್ದಾರೆ. ನನ್ನ ಕೇಳಿದರೆ, ಹೋಗಿ. ಮದ್ಯ ಬಡಿಸುವ ಮೇಜಿನಲ್ಲಿ ಕೂರಬಾರದು ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ಹಲಾಲ್ ಮಾಂಸದ ಪ್ರಶ್ನೆಯೂ ಇದೆ. ಎರಡನ್ನೂ ಮೊದಲೇ ಫೋನ್ ಮಾಡಿ ಹೇಳಿ, ಆ ಹುಡುಗ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಕ್ಯಾಂಟೀನಿನ ಮಾತಿಗೆ ಸಾರಿ ಕೇಳುವುದೂ ಅದೇ ಫೋನಿನಲ್ಲಿ ಆಗಿಹೋಗಲಿ.