ರೇನ್ ಚೆಕ್ ಅಂದರೆ ಬರಲ್ಲ ಅಂತಲ್ಲ

ಭಾನುವಾರ ಬಿಸಿಬೇಳೆಬಾತ್ ಮಾಡ್ತೀನಿ, ಊಟಕ್ಕೆ ಬನ್ನಿ ಅಂತ ಆಫೀಸಿನವರನ್ನು ಕರೆದಿರಿ, ಅವರು ನಗುತ್ತಾ "ಕ್ಯಾನ್ ಐ ಟೇಕ್ ಎ ರೇನ್ ಚೆಕ್?" ಅಂದರು, ಹೊರಗೆ ನೋಡಿದರೆ ಮಳೆಯ ಸುಳಿವೇ ಇಲ್ಲ. ನಮ್ಮ ಮನೆ ಊಟ ಬೇಡ ಅಂತಾನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಈ ಸಲ ಆಗಲ್ಲ, ಇನ್ನೊಮ್ಮೆ ಕರೀರಿ, ಬರ್ತೀನಿ ಅಂತ ಅರ್ಥ.

ಚೆಕ್ ಅಂದ ಕೂಡಲೇ ನಮಗೆ ಬ್ಯಾಂಕಿನ ಚೆಕ್ ನೆನಪಾಗುತ್ತದೆ. ಇಲ್ಲಿ ಅದು ಟೋಕನ್ ಇದ್ದ ಹಾಗೆ. ಮಾತು ಹುಟ್ಟಿದ್ದು ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ, 1880ರ ದಶಕದಲ್ಲಿ. ದುಡ್ಡು ಕೊಟ್ಟು ಒಳಗೆ ಹೋಗಿ ಕೂತಿರುತ್ತಾರೆ, ಮಳೆ ಬಂದು ಆಟ ನಿಂತು ಹೋಗುತ್ತದೆ, ಆಗ ಜನರನ್ನು ಸುಮ್ನೆ ಮನೆಗೆ ಕಳಿಸೋಕಾಗಲ್ಲ ಅಲ್ವಾ? ಇನ್ನೊಂದು ದಿನ ಬಂದು ನೋಡಿ ಅಂತ ಚೀಟಿ ಕೊಡುತ್ತಿದ್ದರು. ಪಕ್ಕದ ಮನೆಯ ಅಜ್ಜ ಒಮ್ಮೆ ತಮ್ಮ ಹಳೇ ಟಿಕೆಟ್ ತೋರಿಸಿದ್ದರು. ಗೇಟಿನಲ್ಲಿ ಹರಿದು ಕೊಟ್ಟು ಉಳಿದ ತುಂಡು, ಬಣ್ಣ ಮಾಸಿತ್ತು, ಆದರೆ ದಪ್ಪ ಅಕ್ಷರದಲ್ಲಿ ರೇನ್ ಚೆಕ್ ಅಂತ ಇನ್ನೂ ಕಾಣುತ್ತಿತ್ತು. ಅರ್ಧ ಆಟ ಮುಗಿಯುವ ಮೊದಲೇ ಮಳೆ ಬಂದರೆ ಮಾತ್ರ ಅದು ನಡೆಯುತ್ತಿತ್ತಂತೆ. ಅಂಗಡಿಯಲ್ಲೂ ಈ ಮಾತಿದೆ. ಸೇಲ್‌ನಲ್ಲಿದ್ದ ಸಾಮಾನು ಖಾಲಿಯಾದರೆ ಕೆಲವರು ರೇನ್ ಚೆಕ್ ಬರೆದುಕೊಡುತ್ತಾರೆ, ಸ್ಟಾಕ್ ಬಂದಾಗ ಅದೇ ಬೆಲೆಗೆ ಕೊಳ್ಳಬಹುದು.

ನಾವು ಯಾರ ಮನೆಯಿಂದ ಹೊರಟರೂ "ಹೋಗ್ತೀನಿ" ಅನ್ನಲ್ಲ, "ಹೋಗಿ ಬರ್ತೀನಿ" ಅಂತೀವಿ. ಇದನ್ನೂ ಹಾಗೇ ತಗೊಳ್ಳಿ. ನಾನು ಅಮೆರಿಕಕ್ಕೆ ಹೊಸದಾಗಿ ಬಂದಾಗ ಇದೇ ಮಾತು ಕೇಳಿ ಮನಸ್ಸಿಗೆ ನೋವಾಗಿ, ಆರು ತಿಂಗಳು ಯಾರನ್ನೂ ಮನೆಗೆ ಕರೆಯಲೇ ಇಲ್ಲ. ಆ ಆರು ತಿಂಗಳು ತುಂಬಾ ಒಂಟಿತನ ಅನುಭವಿಸಿದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಕೆಲವರು ಸಂಕೋಚಕ್ಕೂ ಹೀಗನ್ನುತ್ತಾರೆ, ಅದೂ ನಿಜ. ಎರಡು ವಾರ ಬಿಟ್ಟು ಇನ್ನೊಮ್ಮೆ ಕರೀರಿ, ಆದರೆ "ಯಾವಾಗಲಾದರೂ ಬನ್ನಿ" ಅನ್ನಬೇಡಿ, ಇಂಥ ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ ಅಂತ ಹೇಳಿ. ಅವತ್ತು ಆಗಲ್ಲ, ಮುಂದಿನ ವಾರ ಆಗುತ್ತಾ ಅಂತ ಅವರೇ ಕೇಳಿದರೆ ಬರುವ ಮನಸ್ಸಿದೆ ಅಂತ ತಿಳಿದುಕೊಳ್ಳಿ. ನೀವೇ ಯಾರಿಗಾದರೂ ರೇನ್ ಚೆಕ್ ಅಂದರೆ, ಮುಂದಿನ ದಿನ ನೀವೇ ಗೊತ್ತುಮಾಡಿ. ಚೀಟಿ ಇರುವುದು ನಿಮ್ಮ ಕೈಯಲ್ಲಿ ತಾನೇ. ಹಾಂ, ಕರೆಯುವಾಗ ಗೋಡಂಬಿ ತಿನ್ನಬಹುದಾ ಅಂತ ಮರೆಯದೆ ಕೇಳಿ, ಇಲ್ಲಿ ಕೆಲವರಿಗೆ ಅಲರ್ಜಿ ಇರುತ್ತದೆ, ಬಿಸಿಬೇಳೆಬಾತಿಗೆ ಅದಿಲ್ಲದಿದ್ದರೂ ನಡೆಯುತ್ತದೆ.