ರೆಸ್ಯೂಮೆಯಲ್ಲಿ ಇಲ್ಲದ ಎರಡು ವರ್ಷ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದ ಪ್ರಕರಣವಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ಬಂದಿದ್ದ ಇಪ್ಪತ್ತನಾಲ್ಕರ ಯುವತಿಯನ್ನು ಇಲ್ಲಿ 'ಕ' ಎಂದು ಕರೆಯುತ್ತೇನೆ. ಬಿ.ಕಾಂ. ಪದವಿಯಲ್ಲಿ ಒಳ್ಳೆಯ ಅಂಕಗಳಿದ್ದರೂ, ಬೆಂಗಳೂರಿನ ಪೀಣ್ಯದ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕಪತ್ರ ಸಹಾಯಕಿಯ ಹುದ್ದೆಗಾಗಿ ಅವರು ಎದುರಿಸಿದ ನಾಲ್ಕು ಸಂದರ್ಶನಗಳಲ್ಲಿ ಒಂದೂ ಕೈಹಿಡಿದಿರಲಿಲ್ಲ. "ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಮೇಡಂ, ಅದಕ್ಕೇ ಹೀಗಾಗುತ್ತಿದೆ" ಎಂಬುದು ಅವರ ಮೊದಲ ಮಾತು. ಉದ್ಯೋಗ ಸಲಹೆಗೆಂದು ನನ್ನ ಬಳಿ ಬರುವ ಹತ್ತರಲ್ಲಿ ಆರೇಳು ಮಂದಿ ಇದೇ ಮಾತಿನಿಂದ ಆರಂಭಿಸುವುದರಿಂದ, ಅದನ್ನು ಅಲ್ಲಗಳೆಯುವುದಕ್ಕೂ ಒಪ್ಪುವುದಕ್ಕೂ ನಾನು ಆತುರಪಡುವುದಿಲ್ಲ.

ನಾನೇ ಸಂದರ್ಶಕಿಯಾಗಿ ಕುಳಿತು "ನಿಮ್ಮ ಬಗ್ಗೆ ಹೇಳಿ" ಎಂದೆ. ಯೂಟ್ಯೂಬಿನಿಂದ ಇಳಿಸಿಕೊಂಡು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳು ಒಂದರ ಹಿಂದೆ ಒಂದು ಬಂದವು. ಶ್ರಮಜೀವಿ, ಬೇಗ ಕಲಿಯುವವಳು, ಹೊಂದಿಕೊಂಡು ಕೆಲಸ ಮಾಡುವವಳು ಎಂಬ ಮಾತುಗಳಲ್ಲದೆ ಅವರದೇ ಎನ್ನುವಂಥದ್ದು ಒಂದೂ ಇರಲಿಲ್ಲ. ನಡುವೆ ನಾನು ಒಂದು ಸಣ್ಣ ಪ್ರಶ್ನೆ ಕೇಳಿದೊಡನೆ ಎಳೆ ತಪ್ಪಿ, ಮಗ್ಗಿಯನ್ನು ಮಧ್ಯದಲ್ಲಿ ಮರೆತ ಮಗುವಿನಂತೆ ಮತ್ತೆ ಮೊದಲಿನಿಂದ ಶುರುಮಾಡಿದರು. ಅವರ ಇಂಗ್ಲಿಷ್ ಆ ಹುದ್ದೆಗೆ ಸಾಕಾಗುವಷ್ಟಿತ್ತು. ಕಂಠಪಾಠವೇ ಅವರನ್ನು ಕಟ್ಟಿಹಾಕಿತ್ತು.

ಇನ್ನೊಂದು ಸಂಗತಿ ರೆಸ್ಯೂಮೆಯಲ್ಲೇ ಕಾಣುತ್ತಿತ್ತು. ಪದವಿಯ ನಂತರದ ಎರಡು ವರ್ಷ ಖಾಲಿಯಾಗಿದ್ದವು. ಸಂದರ್ಶನಗಳಲ್ಲಿ ಅದರ ಬಗ್ಗೆ ಕೇಳಿದಾಗ "ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ" ಎನ್ನುತ್ತಿದ್ದರು. ಯಾವ ಪರೀಕ್ಷೆ, ಪೂರ್ವಭಾವಿ ದಾಟಿದಿರಾ ಎಂಬ ಮರುಪ್ರಶ್ನೆಗೆ ತಡವರಿಸುತ್ತಿದ್ದರು. ವಾಸ್ತವದಲ್ಲಿ ತಂದೆಗೆ ಪಾರ್ಶ್ವವಾಯು ಬಡಿದು, ಅವರ ಆರೈಕೆಯ ಜೊತೆಗೆ ದೊಡ್ಡಪ್ಪನ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಟ್ಯಾಲಿ ಎಂಬ ಲೆಕ್ಕಪತ್ರ ಸಾಫ್ಟ್‌ವೇರಿನಲ್ಲಿ ಬರೆಯುವ ಕೆಲಸವೂ ಇವರ ಪಾಲಿಗೆ ಬಂದಿತ್ತು. ಅದನ್ನೇಕೆ ಹೇಳಲಿಲ್ಲ ಎಂದರೆ, "ಅದು ಮನೆಯ ಅಂಗಡಿ ಮೇಡಂ, ಸಂಬಳವೂ ಇರಲಿಲ್ಲ, ಅದನ್ನು ಕೆಲಸ ಅನ್ನಲಾದೀತೇ?" ಎಂದರು.

ಆ ದಿನದ ಉಳಿದ ಮುಕ್ಕಾಲು ಗಂಟೆಯನ್ನು ನಾನು ಆ ಅಂಗಡಿಗೇ ಕೊಟ್ಟೆ. ದಾವಣಗೆರೆಯ ಸಗಟು ವ್ಯಾಪಾರಿಯೊಬ್ಬರು ತಮ್ಮ ಜಿಎಸ್‌ಟಿಆರ್-1 ಅನ್ನು (ಮಾರಾಟದ ಬಿಲ್ಲುಗಳ ಜಿಎಸ್‌ಟಿ ವಿವರ) ತಿಂಗಳ 11ರೊಳಗೆ ಸಲ್ಲಿಸದ ಕಾರಣ, 14ರಂದು ಸಿದ್ಧವಾಗುವ 2ಬಿಯಲ್ಲಿ (ಮಾರಾಟಗಾರರು ತೋರಿಸಿದ ಬಿಲ್ಲುಗಳಿಂದ ಖರೀದಿದಾರರಿಗೆ ಸಿಗುವ ಪಟ್ಟಿ) ಅಂಗಡಿಗೆ ಕೊಂಡ ಪೈಪುಗಳ ಬಿಲ್ಲು ಬಂದಿರಲಿಲ್ಲ. 2022ರ ಜನವರಿಯಿಂದ ಆ ಪಟ್ಟಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕಡಿತ, ಪಡೆಯುವಂತಿಲ್ಲ. ಖರೀದಿ ಪುಸ್ತಕವನ್ನು ಸಾಲುಸಾಲಾಗಿ ಹೋಲಿಸಿ ಈ ವ್ಯತ್ಯಾಸವನ್ನು ಕಂಡುಹಿಡಿದವರು ಇವರೇ. ವ್ಯಾಪಾರಿಗೆ ಫೋನು ಮಾಡಿ, ಆ ತಿಂಗಳ 3ಬಿಯಲ್ಲಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್) ಆ ಕ್ರೆಡಿಟ್ ಬಿಟ್ಟು, ಬಿಲ್ಲು ಪಟ್ಟಿಗೆ ಬಂದ ಮುಂದಿನ ತಿಂಗಳು ಪಡೆದಿದ್ದರು. ಇದನ್ನೆಲ್ಲ ಹೇಳುವಾಗ ಒಮ್ಮೆಯೂ ತಡವರಿಸಲಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಮಾತು ತಾನಾಗಿ ಹರಿಯಿತು. ಲೆಕ್ಕಪತ್ರದ ಹುದ್ದೆಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ ಎಂದು ನಾನು ಅವರಿಗೆ ಹೇಳಿದ್ದು ಸಮಾಧಾನದ ಮಾತಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಇಷ್ಟೇ: ಆ ಎರಡು ವರ್ಷಗಳನ್ನು ರೆಸ್ಯೂಮೆಯಲ್ಲಿ ಅಂಗಡಿಯ ಹೆಸರಿನೊಂದಿಗೆ, ಸಂಬಳರಹಿತ ಕೆಲಸವೆಂದೇ ಬರೆಯಬೇಕು, ಕೇಳಿದರೆ ತಂದೆಯ ಅನಾರೋಗ್ಯವನ್ನು ಒಂದು ವಾಕ್ಯದಲ್ಲಿ, ಮಾಡಿದ ಕೆಲಸವನ್ನು ಎರಡು ವಾಕ್ಯಗಳಲ್ಲಿ ಹೇಳಿ ನಿಲ್ಲಿಸಬೇಕು. ಅನುಕಂಪ ಗಳಿಸುವ ಧಾಟಿ ಬೇಡ, ಸುಳ್ಳಂತೂ ಬೇಡವೇ ಬೇಡ, ಏಕೆಂದರೆ ಮೊದಲ ಪ್ರಶ್ನೆಗೆ ಹೇಳಿದ ಸುಳ್ಳನ್ನು ಮೂರನೆಯ ಪ್ರಶ್ನೆಯವರೆಗೆ ಕಾಪಾಡಿಕೊಂಡು ಹೋಗುವುದು ಕಷ್ಟ. ಅಂಗಡಿಯಲ್ಲಿ ನಡೆದ ಇಂಥ ಐದು ಪ್ರಸಂಗಗಳನ್ನು ಮೊದಲು ಕನ್ನಡದಲ್ಲಿ ಬರೆದು, ನಂತರ ತಮಗೆ ಬರುವ ಸರಳ ಇಂಗ್ಲಿಷಿನಲ್ಲಿ ತಂಗಿಯ ಎದುರು ಪ್ರತಿ ಸಲವೂ ಬೇರೆ ಬೇರೆ ಪದಗಳಲ್ಲಿ ಹೇಳುವಂತೆ ಸೂಚಿಸಿದೆ. ಒಂದೇ ಪದಗಳಲ್ಲಿ ಹೇಳಿದರೆ ಅದೂ ಬಾಯಿಪಾಠವಾಗಿಬಿಡುತ್ತದೆ. ಗೊತ್ತಿಲ್ಲದ ಸಾಫ್ಟ್‌ವೇರಿನ ಬಗ್ಗೆ ಕೇಳಿದರೆ, ಬಳಸಿಲ್ಲವೆಂದು ನೇರವಾಗಿ ಹೇಳಿ, ಟ್ಯಾಲಿಯಲ್ಲಿ ಅದೇ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂದು ವಿವರಿಸಬಹುದು.

ಎರಡನೆಯ ಭೇಟಿಯಲ್ಲಿ 'ಕ' ಹಿಂಜರಿಯುತ್ತಲೇ ಇನ್ನೊಂದು ವಿಷಯ ತೆಗೆದರು. ಎರಡು ಕಡೆ ಅವರಿಗೆ "ಮದುವೆ ಯಾವಾಗ?" ಎಂದು ಕೇಳಿದ್ದರಂತೆ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. ಹಾಗಿದ್ದೂ ಈ ಪ್ರಶ್ನೆ ನಿಂತಿಲ್ಲ, ಇದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ. ಆದರೆ ಆ ಕೋಣೆಯಲ್ಲಿ ಕಾಯ್ದೆಯ ಪಾಠ ಹೇಳುವುದನ್ನಾಗಲಿ, "ಮೂರು ವರ್ಷ ಮದುವೆಯಾಗುವುದಿಲ್ಲ" ಎಂದು ಮಾತು ಕೊಡುವುದನ್ನಾಗಲಿ ನಾನು ಸೂಚಿಸುವುದಿಲ್ಲ. "ಮನೆಯಲ್ಲಿ ಕಷ್ಟವಿದ್ದ ಎರಡು ವರ್ಷವೂ ಯಾವ ತಿಂಗಳ ರಿಟರ್ನೂ ತಡವಾಗಲಿಲ್ಲ ಸರ್" ಎಂದು ಮಾತನ್ನು ಕೆಲಸದ ಕಡೆಗೆ ತಿರುಗಿಸಿದರೆ ಸಾಕು ಎಂದೆವು. ಈ ವಾಕ್ಯ ಅವರೇ ಕಟ್ಟಿದ್ದು. ನಸುಕಿನ ಬಸ್ಸಿನಲ್ಲಿ ಹೊರಟು ನೇರವಾಗಿ ಸಂದರ್ಶನಕ್ಕೆ ಹೋಗುವುದನ್ನು ಬಿಟ್ಟು, ಹಿಂದಿನ ರಾತ್ರಿಯೇ ಬೆಂಗಳೂರಿನ ಅತ್ತೆಯ ಮನೆಯಲ್ಲಿ ತಂಗುವಂತೆಯೂ ತಿಳಿಸಿದೆ.

ಐದನೆಯ ಸಂದರ್ಶನದಲ್ಲೂ ಅವರು ಆಯ್ಕೆಯಾಗಲಿಲ್ಲ. ಅಲ್ಲಿ ಬೇಕಿದ್ದದ್ದು ಮೂರು ವರ್ಷದ ಕಾರ್ಖಾನೆ ಅನುಭವ. ಆರನೆಯದರಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು 2ಬಿ ವ್ಯತ್ಯಾಸದ ಪ್ರಸಂಗವನ್ನು ಹಿಡಿದು ಹತ್ತು ನಿಮಿಷ ಪ್ರಶ್ನಿಸಿದರಂತೆ. ಸಂಜೆ ಫೋನು ಮಾಡಿದ 'ಕ' ಮೊದಲು ಕೆಲಸ ಸಿಕ್ಕಿದ್ದನ್ನು ಹೇಳಿ, ನಂತರ ಸ್ವಲ್ಪ ಅಳುಕಿನಿಂದ ಕೇಳಿದರು: "ಯಾವತ್ತು ಸೇರುತ್ತೀರಿ ಅಂದರು ಮೇಡಂ, 20ರ ನಂತರ ಅಂದುಬಿಟ್ಟೆ. ದೊಡ್ಡಪ್ಪನ ಅಂಗಡಿಯದು ಈ ತಿಂಗಳ 3ಬಿ ಇನ್ನೂ ಬಾಕಿ ಇದೆಯಲ್ಲ, ಅದನ್ನು ಮುಗಿಸಿ ಬರುತ್ತೇನೆ ಅಂತ. ಹಾಗೆ ಹೇಳಿದ್ದು ತಪ್ಪಾಯಿತೇ?"