ಮಂಗಳದಿಂದ ಸುದ್ದಿ ಬರಲು ಹನ್ನೆರಡೂವರೆ ನಿಮಿಷ

ಪ್ರಶ್ನೆ: ಇಂಧನವನ್ನು ಹೆಚ್ಚಿಸುತ್ತಾ ಹೋದರೆ ನಮ್ಮ ನೌಕೆಯೂ ಮುಂದೊಂದು ದಿನ ಬೆಳಕಿನ ವೇಗವನ್ನು ಮುಟ್ಟಬಾರದೇಕೆ? ಮುಟ್ಟಿದರೆ ನಕ್ಷತ್ರಗಳಿಗೆ ಹೋಗಿಬರುವುದು ಸುಲಭವಾಗುವುದಿಲ್ಲವೇ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ದ್ರವ್ಯರಾಶಿಯುಳ್ಳ ಯಾವ ವಸ್ತುವೂ ಸೆಕೆಂಡಿಗೆ 2,99,792 ಕಿಲೋಮೀಟರಿನ ಆ ವೇಗವನ್ನು ಮುಟ್ಟಲಾರದು. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ವಸ್ತುವಿನ ವೇಗ ಬೆಳಕಿನ ವೇಗಕ್ಕೆ ಹತ್ತಿರವಾದಂತೆಲ್ಲ ಅದನ್ನು ಇನ್ನೊಂದಿಷ್ಟು ಏರಿಸಲು ಬೇಕಾಗುವ ಶಕ್ತಿ ಮಿತಿಯಿಲ್ಲದೆ ಬೆಳೆಯುತ್ತದೆ. ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಜಿನೀವಾ ಬಳಿ ಸರ್ನ್ ಎಂಬ ಭೌತಶಾಸ್ತ್ರ ಸಂಶೋಧನಾ ಸಂಸ್ಥೆಯವರು 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಓಡಿಸುತ್ತಾರೆ. ಅಷ್ಟು ದೊಡ್ಡ ಯಂತ್ರ ಎಷ್ಟೇ ತಳ್ಳಿದರೂ, ಕಣ್ಣಿಗೆ ಕಾಣದ ಆ ಕಣ ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರಿನಷ್ಟು ಹಿಂದೆಯೇ ಉಳಿಯುತ್ತದೆ.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರವಿರುವ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ) ದೂರದಲ್ಲಿದೆ. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 75,000 ವರ್ಷ ಬೇಕು. ಬೆಳಕಿನ ವೇಗದ ಶೇ. 99ರಷ್ಟನ್ನು ಸಾಧಿಸಿದ ನೌಕೆಯೊಂದನ್ನು ಊಹಿಸಿಕೊಳ್ಳಿ. ಅದೇ ಸಿದ್ಧಾಂತದ ಪ್ರಕಾರ ಅಷ್ಟು ವೇಗದ ನೌಕೆಯಲ್ಲಿ ಕಾಲ ನಮ್ಮದಕ್ಕಿಂತ ನಿಧಾನವಾಗಿ ಸರಿಯುತ್ತದೆ: ಒಳಗಿರುವವರ ಗಡಿಯಾರದಲ್ಲಿ ಈ ಪ್ರಯಾಣ ಏಳು ತಿಂಗಳು ಚಿಲ್ಲರೆಯಲ್ಲಿ ಮುಗಿದರೆ, ಭೂಮಿಯಲ್ಲಿ ಉಳಿದವರಿಗೆ ನಾಲ್ಕು ವರ್ಷ ಮೂರು ತಿಂಗಳು ಕಳೆದಿರುತ್ತವೆ. ಇಡೀ ಭೌತಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸುವ ಸಂಗತಿ ಬೇರೊಂದಿಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಬಾರದ ಇನ್ನೊಂದು ತೊಡಕಿದೆ: ನೌಕೆಯೊಡನೆ ಮಾತನಾಡುವುದು ಹೇಗೆ? ರೇಡಿಯೋ ಸಂಕೇತದ ವೇಗವೂ ಬೆಳಕಿನದೇ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳದ ಕಕ್ಷೆ ಸೇರಬೇಕಿದ್ದಾಗ ಅದು ನಮ್ಮಿಂದ 22 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರವಿತ್ತು, ಸಂಕೇತವೊಂದು ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಎಂಜಿನ್ ಉರಿಯಬೇಕಿದ್ದುದು ಸುಮಾರು 24 ನಿಮಿಷ. ಎಂಜಿನ್ ಹೊತ್ತಿಕೊಂಡಿತೆಂಬ ಸುದ್ದಿ ಬೆಂಗಳೂರಿನ ನಿಯಂತ್ರಣ ಕೇಂದ್ರವನ್ನು ಮುಟ್ಟುವ ವೇಳೆಗೆ ಅರ್ಧ ಕೆಲಸ ಮುಗಿದೇ ಹೋಗಿತ್ತು. ಏನಾದರೂ ಎಡವಟ್ಟಾಗಿದ್ದರೆ ಇಲ್ಲಿಂದ ಕೊಡುವ ಆಜ್ಞೆ ಅಲ್ಲಿಗೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು; ಆದ್ದರಿಂದಲೇ ಏನು ಮಾಡಬೇಕೆಂಬ ಆಜ್ಞೆಗಳನ್ನೆಲ್ಲ ವಿಜ್ಞಾನಿಗಳು ದಿನಗಳ ಮೊದಲೇ ನೌಕೆಗೆ ಕಳುಹಿಸಿಟ್ಟಿದ್ದರು.

ಪ್ರಾಕ್ಸಿಮಾ ತಲುಪಿದ ನೌಕೆಗೆ ನಾವೊಂದು ಪ್ರಶ್ನೆ ಕೇಳಿದರೆ ಉತ್ತರ ಬರುವುದು ಎಂಟೂವರೆ ವರ್ಷದ ಮೇಲೆ. ಅಲ್ಲಿ ಎದುರಾಗುವ ಪ್ರತಿಯೊಂದು ಸಂಕಟಕ್ಕೂ ಪರಿಹಾರವನ್ನು ಆ ನೌಕೆ ತಾನೇ ಹುಡುಕಿಕೊಳ್ಳಬೇಕಾಗುತ್ತದೆ.